ಬಂಗುಡೆ ಕಾಯಿಸಿದರೂ ಬೊಬ್ಬೆ ಹೊಡೆಯುವ ಸ್ಮೋಕ್ ಡಿಟೆಕ್ಟರ್: ಎಂತ ಮಾಡುವುದು?

ಪ್ರಶ್ನೆ: ನಾವು ಮಂಗಳೂರಿನ ಕದ್ರಿಯಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ಅಡುಗೆಮನೆ ಮತ್ತು ಹಾಲಿನ ನಡುವೆ ಬಾಗಿಲಿಲ್ಲ, ಬರೀ ಕಮಾನು ಉಂಟು. ಭಾವ ದುಬೈಯಿಂದ ಬರುವಾಗ ಬ್ಯಾಟರಿಯ ಒಂದು ಸ್ಮೋಕ್ ಡಿಟೆಕ್ಟರ್ ತಂದಿದ್ದರು. ಅದನ್ನು ಕಮಾನಿನ ಪಕ್ಕದಲ್ಲೇ ಹಾಲಿನ ಸೀಲಿಂಗಿಗೆ ಹಾಕಿಸಿದೆವು. ಅತ್ತೆ ಬಂಗುಡೆ ಕಾಯಿಸಿದರೆ ಸಾಕು, ಮನೆ ಹಾರಿಹೋಗುವ ಹಾಗೆ ಬಡಿದುಕೊಳ್ಳುತ್ತದೆ. ಮಳೆ ಶುರುವಾದ ಮೇಲೆ ಎರಡು ಸಲ ರಾತ್ರಿ ಮೂರು ಗಂಟೆಗೆ, ಒಲೆ ಹಚ್ಚದೆಯೇ ಕೂಗಿತು. ಈಗ ಒಂದು ವಾರದಿಂದ ನಡುನಡುವೆ 'ಕೀಂಕ್' ಅಂತ ಸಣ್ಣ ಸದ್ದು ಬೇರೆ. ಮನೆಯವರು ಅದಕ್ಕೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿದ್ದಾರೆ. ತೆಗೆದು ಬಿಸಾಡುವುದೇ ಒಳ್ಳೆಯದಲ್ವಾ?

ಉತ್ತರ: ಬಿಸಾಡುವುದು ಬೇಡ. ತೊಟ್ಟೆಯನ್ನು ಮಾತ್ರ ಇವತ್ತೇ ಬಿಚ್ಚಿ.

ಮಂಗಳೂರು, ಮಣಿಪಾಲ, ಉಡುಪಿಯ ಮನೆಗಳಲ್ಲಿ ಈ ಡಿಟೆಕ್ಟರ್ ಹಾಕುವುದು, ರಿಪೇರಿ ಮಾಡುವುದು ನನ್ನ ಕೆಲಸ. ತೊಟ್ಟೆ, ಹಳೇ ಕಾಲುಚೀಲ, ಶವರ್ ಕ್ಯಾಪ್, ಬಿರಿಯಾನಿ ಪಾರ್ಸಲಿನ ಡಬ್ಬಿ ಎಲ್ಲವನ್ನೂ ಸೀಲಿಂಗಿನಿಂದ ಇಳಿಸಿದ್ದೇನೆ. ಒಳಗಿನ ಡಿಟೆಕ್ಟರ್ ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತದೆ. ನಾವು ಸುಳ್ಳು ಅಲಾರಂ ಅನ್ನುತ್ತೇವೆ, ಆದರೆ ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಒಳಗೆ ಏನೋ ನುಗ್ಗಿದೆ ಎಂದಷ್ಟೇ ಅದು ಹೇಳುತ್ತದೆ. ನುಗ್ಗಿದ್ದು ಬೆಂಕಿಯ ಹೊಗೆಯೋ, ಮೀನಿನ ಹೊಗೆಯೋ, ಹಬೆಯೋ, ಜೇಡವೋ ಎಂದು ಹುಡುಕುವುದು ನಮ್ಮ ಕೆಲಸ.

ನಿಮ್ಮ ಪತ್ರದಲ್ಲಿ ಒಂದಲ್ಲ, ಮೂರು ಬೇರೆ ಬೇರೆ ತೊಂದರೆ ಉಂಟು. ಮೂರಕ್ಕೂ ಒಂದೇ ತೊಟ್ಟೆ ಕಟ್ಟಿದ್ದೀರಿ, ಅಷ್ಟೇ.

ಸುಲಭದ್ದು ಮೊದಲು. 'ಕೀಂಕ್' ಅನ್ನುವ ಸದ್ದು ಬೆಂಕಿಯ ಅಲಾರಂ ಅಲ್ಲ. ಬೆಂಕಿಯದ್ದಾದರೆ ಜೋರಾಗಿ ಮೂರು ಸಲ ಕೂಗಿ, ಸ್ವಲ್ಪ ನಿಂತು, ಮತ್ತೆ ಮೂರು ಸಲ ಕೂಗುವುದು ಸಾಮಾನ್ಯ. ಮೂವತ್ತು ಸೆಕೆಂಡಿಗೋ ನಿಮಿಷಕ್ಕೋ ಒಂದು ಸಲ ಸಣ್ಣಗೆ ಕೂಗಿದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಎಂದು ಅರ್ಥ. ಇದು ಹೆಚ್ಚಾಗಿ ಶುರುವಾಗುವುದು ಬೆಳಗಿನ ಜಾವ. ತಂಪಿಗೆ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ರಾತ್ರಿ ಅಂಥ ಚಳಿಯೇನೂ ಇಲ್ಲ, ಆದರೆ ಕೊನೆಯುಸಿರಿನಲ್ಲಿರುವ ಬ್ಯಾಟರಿಗೆ ಅಷ್ಟೇ ಸಾಕು. ಬಿಸಿಲೇರಿದ ಮೇಲೆ ಸುಮ್ಮನಾಗುತ್ತದೆ. ಸರಿಯಾಯಿತು ಎಂದು ನಾವೂ ಸುಮ್ಮನಾಗುತ್ತೇವೆ. ಮರುದಿನ ರಾತ್ರಿ ಮತ್ತೆ ಅದೇ ಕಥೆ.

ಅಂಗಡಿಯಲ್ಲಿ 9 ವೋಲ್ಟಿನ ಚೌಕಾಕಾರದ ಬ್ಯಾಟರಿ ಕೇಳುವಾಗ ಆಲ್ಕಲೈನ್ ಎಂದು ಬಾಯಿಬಿಟ್ಟು ಕೇಳಿ, ಅಗ್ಗದ್ದು ಕೊಟ್ಟರೆ ಬೇಡ ಅನ್ನಿ. ಹಳೆಯದನ್ನು ತೆಗೆದಾಗ ಟರ್ಮಿನಲ್ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪುಗಾಳಿಯ ಕೆಲಸ. ಸುರತ್ಕಲ್, ಪಣಂಬೂರು, ಮಲ್ಪೆ ಕಡೆಯ ಮನೆಗಳಲ್ಲಿ ಇದು ಮಾಮೂಲು. ಒಣ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಹೊಸ ಬ್ಯಾಟರಿ ಹಾಕಿದ ಮೇಲೂ 'ಕೀಂಕ್' ನಿಲ್ಲದಿದ್ದರೆ ಡಿಟೆಕ್ಟರ್ ಬಿಚ್ಚಿ ಹಿಂದೆ ನೋಡಿ. ತಯಾರಾದ ತಾರೀಕು ಮುದ್ರಿಸಿರುತ್ತಾರೆ. ಅದಕ್ಕೆ 10 ವರ್ಷ ದಾಟಿದ್ದರೆ ಬ್ಯಾಟರಿಗೆ ದುಡ್ಡು ಹಾಕುವುದು ದಂಡ, ಹೊಸದೇ ತನ್ನಿ. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಒಳಗೇ ಸೀಲ್ ಆಗಿರುತ್ತದೆ. ಅದು ಮುಗಿದರೆ ಡಿಟೆಕ್ಟರೂ ಮುಗಿದ ಹಾಗೆ.

ಇನ್ನು ಬಂಗುಡೆ.

ಇದು ಹೊಗೆ ಕಾಣುವ ಬಗೆ ಹೇಗೆ ಗೊತ್ತಾ? ಹಂಚಿನ ಮನೆಯಲ್ಲಿ ಬೆಳೆದವರಿಗೆ ಹೇಳುವುದು ಸುಲಭ. ಮಾಡಿನಲ್ಲಿ ಒಂದು ಗಾಜಿನ ಹಂಚು ಇರುತ್ತಿತ್ತಲ್ಲ, ಅದರಿಂದ ಬೆಳಗ್ಗೆ ಬಿಸಿಲಿನ ಕೋಲು ಒಳಗೆ ಬೀಳುತ್ತಿತ್ತು. ಒಲೆಯಿಂದ ಹೊಗೆ ಬಂದರೆ ಆ ಕೋಲು ಬೆಳ್ಳಗೆ ಎದ್ದು ಕಾಣುತ್ತಿತ್ತು. ಹೊಗೆಯ ಕಣಗಳಿಗೆ ತಾಗಿ ಬೆಳಕು ಚೆದುರುವುದೇ ಅದಕ್ಕೆ ಕಾರಣ. ಫೋಟೋಎಲೆಕ್ಟ್ರಿಕ್ ಡಿಟೆಕ್ಟರಿನ ಒಳಗೂ ನಡೆಯುವುದು ಇದೇ. ಒಂದು ಕಪ್ಪು ಗೂಡು, ಅದರಲ್ಲಿ ಒಂದು ಎಲ್‌ಇಡಿ, ಓರೆಯಾಗಿ ಇನ್ನೊಂದು ಕಡೆ ಬೆಳಕು ಹಿಡಿಯುವ ಸೆನ್ಸರ್. ಗಾಳಿ ಶುದ್ಧವಾಗಿದ್ದರೆ ಬೆಳಕು ಸೆನ್ಸರಿಗೆ ಬೀಳುವುದೇ ಇಲ್ಲ. ಹೊಗೆ ಬಂದರೆ ಬೆಳಕು ಚೆದುರಿ ಅದರ ಮೇಲೆ ಬೀಳುತ್ತದೆ, ಕೂಗುತ್ತದೆ.

ಇನ್ನೊಂದು ಜಾತಿ ಉಂಟು, ಅಯೊನೈಸೇಶನ್ ಎಂದು. ಅದರೊಳಗೆ ಅಮೆರಿಸಿಯಂ-241 ಎಂಬ ವಿಕಿರಣ ವಸ್ತು ಚೂರೇ ಚೂರು ಇರುತ್ತದೆ. ಅದು ಗೂಡಿನ ಗಾಳಿಯಲ್ಲಿ ಸಣ್ಣ ಕರೆಂಟ್ ಹರಿಯುವಂತೆ ಮಾಡುತ್ತದೆ. ಹೊಗೆಯ ಕಣ ನುಗ್ಗಿದರೆ ಕರೆಂಟ್ ಇಳಿಯುತ್ತದೆ, ಅಲಾರಂ ಆಗುತ್ತದೆ. ಧಗ್ಗನೆ ಹತ್ತಿದ ಬೆಂಕಿಯ ತೀರಾ ಸಣ್ಣ ಕಣಗಳನ್ನು ಇದು ಬೇಗ ಹಿಡಿಯುತ್ತದೆ. ಕಾದ ಎಣ್ಣೆಯಿಂದ ಏಳುವ ಕಣಗಳೂ ಅಷ್ಟೇ ಸಣ್ಣವು. ಹಾಗಾಗಿ ಅಡುಗೆಮನೆ ಹತ್ತಿರ ಇದರಷ್ಟು ರಗಳೆ ಮಾಡುವ ವಸ್ತು ಬೇರೆ ಇಲ್ಲ. ಹಾಸಿಗೆ, ಸೋಫಾ ಒಳಗೊಳಗೇ ಹೊಗೆಯಾಡುವುದನ್ನು ಫೋಟೋಎಲೆಕ್ಟ್ರಿಕ್ ಬೇಗ ಹಿಡಿಯುತ್ತದೆ.

ಈ ಅಯೊನೈಸೇಶನ್ ಹುಟ್ಟಿದ ಕಥೆಯೇ ಒಂದು ತಮಾಷೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬ ವಿಜ್ಞಾನಿ ವಿಷಾನಿಲ ಹಿಡಿಯುವ ಉಪಕರಣ ಮಾಡಲು ಹೊರಟಿದ್ದರು. ಅನಿಲ ಬಿಟ್ಟರೆ ಅದು ಮಿಸುಕಲೂ ಇಲ್ಲ. ಬೇಜಾರಿನಲ್ಲಿ ಒಂದು ಸಿಗರೇಟ್ ಹಚ್ಚಿದರಂತೆ, ಮೀಟರಿನ ಮುಳ್ಳು ಅಲುಗಿತಂತೆ. ಬೇಡದ ಹೊಗೆಗೆ ಬಡಿದುಕೊಳ್ಳುವುದು ಅದರ ಹುಟ್ಟುಗುಣ ಮಾರಾಯ್ರೆ.

ನಿಮ್ಮದು ಯಾವ ಜಾತಿ ಎಂದು ತಿಳಿಯಲು ಹಿಂದಿನ ಲೇಬಲ್ ಓದಿ. ಅಮೆರಿಸಿಯಂ ಎಂದೋ, ಮೂರು ರೆಕ್ಕೆಯ ವಿಕಿರಣ ಚಿಹ್ನೆಯೋ ಇದ್ದರೆ ಅದು ಅಯೊನೈಸೇಶನ್. ಹೆದರುವುದು ಬೇಡ. ಅದರಿಂದ ಬರುವ ಆಲ್ಫಾ ಕಣವನ್ನು ಒಂದು ಕಾಗದ ತಡೆಯುತ್ತದೆ, ಸೀಲಿಂಗಿನಲ್ಲಿದ್ದರೆ ಏನೂ ಮಾಡುವುದಿಲ್ಲ. ಆದರೆ ಒಳಗಿನ ಗೂಡನ್ನು ಒಡೆಯಬೇಡಿ, ಗುಜರಿಗೂ ಹಾಕಬೇಡಿ. ಅಮೆರಿಸಿಯಂ ಅರ್ಧ ಕರಗಲು 432 ವರ್ಷ ಬೇಕು. ಆಯಸ್ಸು ಮುಗಿದ ಮೇಲೆ ತಯಾರಿಸಿದ ಕಂಪನಿಗೋ ಮಾರಿದವರಿಗೋ ತಿರುಗಿ ಕೊಡುವುದು ಸರಿಯಾದ ದಾರಿ. ಮುಂದಿನ ಸಲ ಭಾವ ತರುವುದಾದರೆ ಫೋಟೋಎಲೆಕ್ಟ್ರಿಕ್ ತರಲು ಹೇಳಿ.

ಜಾತಿ ಯಾವುದೇ ಇರಲಿ, ನಿಮ್ಮ ಮನೆಯಲ್ಲಿ ತಪ್ಪಿದ್ದು ಜಾಗ. ಬಿಜೈಯಲ್ಲಿ ಥೇಟ್ ನಿಮ್ಮಂಥದೇ ಒಂದು ಮನೆಗೆ ಹೋಗಿದ್ದೆ. ಅದನ್ನು ಹೇಳುತ್ತೇನೆ, ನಿಮ್ಮ ಅಡುಗೆಮನೆಗೆ ಹೊಂದುತ್ತದಾ ನೋಡಿ.

ಆ ಮನೆಯ ಅಮ್ಮನಿಗೆ ನಾನು, "ನೀವು ದಿನಾ ಮಾಡುವ ಹಾಗೆಯೇ ಕಾಯಿಸಿ, ನಾನು ಸುಮ್ನೆ ನೋಡುತ್ತೇನೆ" ಎಂದೆ. ಎಂಟು ಬಂಗುಡೆ ಇತ್ತು. ಮಸಾಲೆ ಮೆತ್ತಿ, ರವೆಯಲ್ಲಿ ಹೊರಳಿಸಿ ನಾಲ್ಕನ್ನು ಕಾವಲಿಗೆ ಹಾಕಿದರು. ಡಿಟೆಕ್ಟರ್ ಸುಮ್ಮನಿತ್ತು. ಮಗುಚಿ ಹಾಕಿದರು, ಆಗಲೂ ಸುಮ್ಮನಿತ್ತು. "ನೀವು ಬಂದದ್ದು ನೋಡಿ ಹೆದರಿತೋ ಏನೋ" ಎಂದು ನಕ್ಕರು. ಎರಡನೇ ನಾಲ್ಕು ಬಂಗುಡೆ ಹಾಕಿ ಒಂದು ನಿಮಿಷ ಆಗಿರಬೇಕು, ಶುರುವಾಯಿತು ಬೊಬ್ಬೆ.

ಕಾವಲಿ ನೋಡಿದೆ. ಮೊದಲ ಸುತ್ತಿನಲ್ಲಿ ಉದುರಿದ ರವೆ, ಮಸಾಲೆ ಎಣ್ಣೆಯಲ್ಲೇ ಉಳಿದು ಕರಟಿತ್ತು. ನೀಲಿ ಹೊಗೆ ಏಳುತ್ತಿದ್ದದ್ದು ಮೀನಿನಿಂದಲ್ಲ, ಆ ಕರಟಿನಿಂದ. ಚಿಮಣಿ ಗುಂಯ್ ಅನ್ನುತ್ತಿತ್ತು. ಫಿಲ್ಟರ್ ಎಳೆದು ನೋಡಿದರೆ ಜಾಳಿಗೆ ತುಂಬ ಜೇನಿನ ಹಾಗೆ ಎಣ್ಣೆ ಕಟ್ಟಿದೆ. ಸದ್ದು ಮಾತ್ರ ಮಾಡುತ್ತಿತ್ತು, ಗಾಳಿ ಎಳೆಯುತ್ತಿರಲಿಲ್ಲ. ಕಮಾನಿನ ಕೆಳಗೆ ಒಂದು ಊದುಬತ್ತಿ ಹಿಡಿದು ನಿಂತೆ. ಹೊಗೆ ನೆಟ್ಟಗೆ ಮೇಲೆ ಹೋಗಲಿಲ್ಲ, ಹಾಲಿನ ಕಡೆ ವಾಲಿತು. ಹಾಲಿನಲ್ಲಿ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಒಲೆಯಿಂದ ಡಿಟೆಕ್ಟರಿಗೆ ಟೇಪ್ ಹಿಡಿದೆ. ಆರೂವರೆ ಅಡಿ.

ಆಮೇಲೆ ಮಾಡಿದ್ದು ಇಷ್ಟೇ. ಡಿಟೆಕ್ಟರನ್ನು ಬೆಡ್‌ರೂಮುಗಳ ಎದುರಿನ ಪ್ಯಾಸೇಜಿಗೆ ಒಯ್ದು ಹಾಕಿದೆ. ಫಿಲ್ಟರನ್ನು ಬಿಸಿನೀರು, ಸೋಪಿನಲ್ಲಿ ನೆನೆಸಲು ಹೇಳಿದೆ. ಮೀನು ಕಾಯಿಸುವಾಗ ಹಾಲಿನ ಫ್ಯಾನ್ ಆಫ್, ಅಡುಗೆಮನೆ ಕಿಟಕಿ ಓಪನ್. ಎರಡನೇ ಸುತ್ತಿಗೆ ಮೊದಲು ಕಾವಲಿಯ ಕರಟು ತೆಗೆಯುವುದನ್ನು ಮಾತ್ರ ಅಮ್ಮನಿಗೆ ನೇರ ಹೇಳಲು ಧೈರ್ಯ ಬರಲಿಲ್ಲ. ಐವತ್ತು ವರ್ಷದಿಂದ ಮೀನು ಕಾಯಿಸುವವರಿಗೆ ನಾನು ಪಾಠ ಹೇಳುವುದೇ? ಮಗಳ ಹತ್ತಿರ ಹೇಳಿ ಬಂದೆ. ನಿಮ್ಮ ಅತ್ತೆಗೆ ಹೇಗೆ ಹೇಳುವುದು ಎಂದು ನಿಮಗೇ ಗೊತ್ತು.

ಲೆಕ್ಕ ಇಟ್ಟುಕೊಳ್ಳಿ: ಒಲೆಯಿಂದ ಕಡಿಮೆ ಎಂದರೂ 10 ಅಡಿ ದೂರ. ಬಚ್ಚಲುಮನೆ ಬಾಗಿಲಿನಿಂದ 3 ಅಡಿ. ಸೀಲಿಂಗ್ ಫ್ಯಾನಿನ ರೆಕ್ಕೆಯ ತುದಿಯಿಂದಲೂ 3 ಅಡಿ. ಇದು ಅಮೆರಿಕದ ಎನ್‌ಎಫ್‌ಪಿಎ 72 ಎಂಬ ನಿಯಮಾವಳಿಯ ಅಳತೆ, ನಮ್ಮ ಫ್ಲ್ಯಾಟುಗಳಿಗೂ ಚೆನ್ನಾಗಿ ಹೊಂದುತ್ತದೆ. ಎಸಿಯ ಗಾಳಿ ನೇರ ಬಡಿಯುವ ಜಾಗವೂ ಬೇಡ. ಮಲಗುವ ಕೋಣೆಗಳ ಹತ್ತಿರ ಇದ್ದರೆ ರಾತ್ರಿ ಎಬ್ಬಿಸುವ ಕೆಲಸಕ್ಕೂ ಅದೇ ಸರಿ. ಯುಎಲ್ 217 ಎಂಬ ಅಮೆರಿಕದ ಮಾನದಂಡದಲ್ಲಿ ಈಗ ಅಡುಗೆ ಹೊಗೆಯ ಪರೀಕ್ಷೆಯೂ ಸೇರಿದೆ. ಹ್ಯಾಂಬರ್ಗರ್ ಸುಡುತ್ತಾರೆ, ಹೊಗೆ ಒಂದು ಮಟ್ಟ ದಾಟುವವರೆಗೆ ಡಿಟೆಕ್ಟರ್ ಕೂಗಬಾರದು. ಬಂಗುಡೆಯ ಪರೀಕ್ಷೆ ಅದರಲ್ಲಿಲ್ಲ. ಹಾಗಾಗಿ ಹೊಸ ಮಾಡೆಲ್ ತಂದರೂ ಜಾಗ ನೋಡಿಯೇ ಹಾಕಿ.

ಹಾಗಾದರೆ ಅಡುಗೆಮನೆಗೆ ಏನೂ ಬೇಡವಾ ಎಂದರೆ, ಅಲ್ಲಿಗೆ ಹೀಟ್ ಡಿಟೆಕ್ಟರ್ ಹಾಕಿ. ಅದು ಹೊಗೆಯನ್ನು ನೋಡುವುದಿಲ್ಲ. ಸೀಲಿಂಗಿನ ಹತ್ತಿರ ಬಿಸಿ 57 ಡಿಗ್ರಿಯ ಆಸುಪಾಸಿಗೆ ಏರಿದಾಗ ಮಾತ್ರ ಕೂಗುತ್ತದೆ. ಒಗ್ಗರಣೆ, ಘಾಟು, ಮೀನು ಯಾವುದಕ್ಕೂ ಜಗ್ಗುವುದಿಲ್ಲ. ಬಿಸಿ ಎಷ್ಟು ಬೇಗ ಏರಿತು ಎಂದು ನೋಡುವ ಮಾಡೆಲೂ ಸಿಗುತ್ತದೆ, ಅಡುಗೆಮನೆಗೆ ಅದು ಬೇಡ. ಕುಕ್ಕರಿನ ಹಬೆ ಬಡಿದರೆ ಅದೂ ಕೂಗಬಹುದು. ಇನ್ನೊಂದು ಮಾತು, ಗ್ಯಾಸ್ ಸೋರಿದರೆ ಸ್ಮೋಕ್ ಡಿಟೆಕ್ಟರಿಗೂ ಹೀಟ್ ಡಿಟೆಕ್ಟರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆಯೇ ಡಿಟೆಕ್ಟರ್, ಅದನ್ನು ನೆಲದ ಹತ್ತಿರ ಹಾಕಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಹರಡುತ್ತದೆ. ಸೀಲಿಂಗಿಗೆ ಗ್ಯಾಸ್ ಡಿಟೆಕ್ಟರ್ ಹಾಕಿಸಿಕೊಂಡವರನ್ನೂ ನೋಡಿದ್ದೇನೆ.

ಮೂರನೆಯದು ರಾತ್ರಿ ಮೂರು ಗಂಟೆಯ ಕೂಗು. ಇದಕ್ಕೆ ನನ್ನ ಅನುಮಾನ ಇಬ್ಬರ ಮೇಲೆ.

ಒಂದು, ನೀರು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿಯನ್ನೇ ಹಿಂಡಿದರೆ ನೀರು ಬರುತ್ತದೆ. ಎಸಿ ಹಾಕಿ ಕೋಣೆ ತಣ್ಣಗೆ ಮಾಡಿರುತ್ತೀರಿ. ಟೈಮರಿಗೆ ಎಸಿ ಆಫ್ ಆಗುತ್ತದೆ, ಹೊರಗಿನ ಹಸಿ ಗಾಳಿ ಒಳಗೆ ಬರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿ ಬೆವರುವ ಹಾಗೆ ತಣ್ಣಗಿರುವ ಡಿಟೆಕ್ಟರ್ ಒಳಗೊಳಗೇ ಬೆವರುತ್ತದೆ. ಆ ಹನಿಗಳಿಗೂ ಬೆಳಕು ಚೆದುರುತ್ತದೆ. ಹೊಗೆಯೋ ನೀರೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಬಿಸಿನೀರಿನ ಸ್ನಾನ ಮುಗಿಸಿ ಬಾಗಿಲು ತೆರೆದಾಗ ಬರುವ ಹಬೆಗೂ, ಕುಚ್ಚಲಕ್ಕಿ ಗಂಟೆಗಟ್ಟಲೆ ಕುದಿಯುವಾಗಿನ ಹಬೆಗೂ ಇದೇ ಮಾತು. ನಿಮ್ಮ ಮನೆಯಲ್ಲಿ ಕೂಗಿದ ಆ ಎರಡು ರಾತ್ರಿ ಎಸಿ ಹಾಕಿದ್ದಿರಾ, ನೆನಪು ಮಾಡಿಕೊಳ್ಳಿ.

ಇನ್ನೊಂದು, ಹುಳ. ಮೊದಲ ಮಳೆಗೆ ಏಳುವ ರೆಕ್ಕೆಹುಳ, ಸಣ್ಣ ಇರುವೆ, ಮತ್ತೆ ಎಲ್ಲಕ್ಕಿಂತ ದೊಡ್ಡ ತಂಟೆಕೋರ ಜೇಡ. ಅದಕ್ಕೆ ಕತ್ತಲೆ ಗೂಡು ಎಂದರೆ ಬಾಡಿಗೆ ಇಲ್ಲದ ಮನೆ. ಬೆಂದೂರಿನ ಒಂದು ಮನೆಯಲ್ಲಿ ವಾರಕ್ಕೊಮ್ಮೆ ನಡುರಾತ್ರಿ ಕೂಗುತ್ತಿದ್ದ ಡಿಟೆಕ್ಟರನ್ನು ಟಾರ್ಚ್ ಹಿಡಿದು ಬಿಚ್ಚಿದ್ದೆ. ಸೆನ್ಸರಿನ ಎದುರು ಸಾಸಿವೆ ಕಾಳಿಗಿಂತ ಸಣ್ಣ ಜೇಡ. ನಾನು ಟಾರ್ಚ್ ಬಿಟ್ಟರೆ ಆ ಕಡೆ ಹೋಗುತ್ತದೆ, ತೆಗೆದರೆ ಈ ಕಡೆ ಬರುತ್ತದೆ. ಅದು ಆ ಕಡೆ ದಾಟಿದಾಗೆಲ್ಲ ಮನೆಯವರೆಲ್ಲ ಮೆಟ್ಟಿಲಿಳಿದು ಓಡುತ್ತಿದ್ದರು!

ಎರಡಕ್ಕೂ ಮದ್ದು ಶುಚಿ ಮಾಡುವುದು. ವ್ಯಾಕ್ಯೂಮ್ ಕ್ಲೀನರಿನ ಮೆತ್ತನೆ ಬ್ರಶ್ ಇದ್ದರೆ ಸುತ್ತಲಿನ ಸೀಳುಗಳಲ್ಲಿ ನಿಧಾನ ಎಳೆಯಿರಿ. ಇಲ್ಲದಿದ್ದರೆ ಒಣ ಪೇಂಟ್ ಬ್ರಶ್ ಸಾಕು. ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಮಾಡಿ. ಒದ್ದೆ ಬಟ್ಟೆ ಬೇಡ, ಬಾಯಲ್ಲಿ ಊದುವುದು ಬೇಡ, ಉಸಿರಿನಲ್ಲೂ ನೀರುಂಟು. ಹುಳಕ್ಕೆ ಹೊಡೆಯುವ ಸ್ಪ್ರೇ ಅಂತೂ ಬೇಡವೇ ಬೇಡ. ಅದರ ಮಂಜಿಗೇ ಅಲಾರಂ ಆಗುತ್ತದೆ, ಅಂಟು ಒಳಗೆ ಕೂತು ಸೆನ್ಸರ್ ಹಾಳಾಗುತ್ತದೆ. ಊದುಬತ್ತಿಯನ್ನು ಡಿಟೆಕ್ಟರಿಗೇ ಹಿಡಿದು ಟೆಸ್ಟ್ ಮಾಡುವ ಅಭ್ಯಾಸವೂ ಒಳ್ಳೆಯದಲ್ಲ. ಅದರ ಹೊಗೆಯಲ್ಲೂ ಅಂಟುಂಟು. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿದರೆ ಸಾಕು.

ಪೇಂಟಿಂಗ್, ಪುಟ್ಟಿ ಉಜ್ಜುವ ಕೆಲಸ ಇದ್ದರೆ ಡಿಟೆಕ್ಟರನ್ನು ಕಳಚಿ ಡಬ್ಬಿಯಲ್ಲಿಡಿ. ಪುಟ್ಟಿಯ ಹುಡಿ ಒಳಗೆ ಹೋದರೆ ಮತ್ತೆ ಪೂರ್ತಿ ಬರುವುದಿಲ್ಲ.

ಪೂಜೆಯ ವಿಷಯ ನೀವು ಕೇಳಿಲ್ಲ, ಆದರೆ ಗೃಹಪ್ರವೇಶದ ಗಣಹೋಮದ ದಿನ ನನಗೆ ಬರುವಷ್ಟು ಫೋನ್ ಬೇರೆ ದಿನ ಬರುವುದಿಲ್ಲ. ನಿಮ್ಮದು ಬ್ಯಾಟರಿಯದ್ದು. ಹೋಮದ ಹೊತ್ತಿಗೆ ಬಿಚ್ಚಿ ದೇವರ ಕೋಣೆಯಿಂದ ದೂರ ಇಡಿ, ಸಂಜೆ ತಿರುಗಿ ಹಾಕಿ. ಮರೆಯದಿರಲು ನಾನು ಹೇಳುವ ಉಪಾಯ, ಅದನ್ನು ರಾತ್ರಿ ತಲೆ ಇಡುವ ದಿಂಬಿನ ಮೇಲೆಯೇ ಇಡುವುದು. ಅಪಾರ್ಟ್‌ಮೆಂಟಿನದ್ದೇ ವಯರಿಂಗ್ ಡಿಟೆಕ್ಟರ್ ಆದರೆ ನೀವು ಕೈ ಹಾಕಬೇಡಿ. 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಬಹುಮಹಡಿ ಎಂದು ಲೆಕ್ಕ ಹಾಕುತ್ತದೆ. ಅಂಥ ಕಡೆ ಡಿಟೆಕ್ಟರುಗಳು ಕೆಳಗಿನ ಪ್ಯಾನೆಲಿಗೆ ಸೇರಿರುವುದು ಮಾಮೂಲು. ಅಸೋಸಿಯೇಷನ್‌ಗೆ ಮೊದಲೇ ಹೇಳಿದರೆ ಆ ಒಂದನ್ನು ಮಾತ್ರ ಪ್ಯಾನೆಲಿನಿಂದ ಐಸೋಲೇಟ್ ಮಾಡಬಹುದು. ಯಾರು ಮಾಡಿದರು, ಎಷ್ಟು ಗಂಟೆಗೆ ತಿರುಗಿ ಹಾಕಬೇಕು ಎಂದು ವಾಚ್‌ಮನ್‌ನ ಪುಸ್ತಕದಲ್ಲಿ ಬರೆಸಿ. ಒಂದು ಕಟ್ಟಡದಲ್ಲಿ ಗೃಹಪ್ರವೇಶಕ್ಕೆ ಮುಚ್ಚಿದ ಕೆಂಪು ಡಸ್ಟ್ ಕ್ಯಾಪನ್ನು, ಮಗುವಿನ ಎರಡನೇ ಹುಟ್ಟುಹಬ್ಬಕ್ಕೆ ಬಲೂನ್ ಕಟ್ಟುವಾಗ ಗಮನಿಸಿ ನನಗೆ ಫೋನ್ ಮಾಡಿದ್ದರು. ಮಗು ಹುಟ್ಟಿದ್ದೇ ಆ ಮನೆಗೆ ಬಂದ ಮೇಲೆ.

ಇನ್ನು ಮುಂದೆ ಕೂಗಿದಾಗ ಏನು ಮಾಡಬೇಕು? ಮೊದಲು ಕಣ್ಣಾರೆ ನೋಡಿ. ಪ್ರತಿ ಸಲ, ಕಾವಲಿಯಲ್ಲಿ ಮೀನಿದ್ದರೂ ಸಹ, ಎಲ್ಲ ಕೋಣೆ ಒಮ್ಮೆ ಇಣುಕಿ. ಅಡುಗೆಯದ್ದೇ ಎಂದು ಖಾತ್ರಿಯಾದರೆ ಉರಿ ಸಣ್ಣ ಮಾಡಿ, ಕಿಟಕಿ ತೆರೆಯಿರಿ, ಹುಶ್ ಬಟನ್ ಒತ್ತಿ. ಹತ್ತು ನಿಮಿಷದ ಆಸುಪಾಸು ಅದು ಮೆತ್ತಗಾಗುತ್ತದೆ, ಆಮೇಲೆ ತಾನಾಗಿ ಎಚ್ಚರಾಗುತ್ತದೆ. ಪೊರಕೆ ಹಿಡಿಯಲ್ಲಿ ಕುಟ್ಟಬೇಡಿ. ಬಾಣಲೆಯ ಎಣ್ಣೆಗೇ ಬೆಂಕಿ ಹತ್ತಿದ್ದರೆ ನೀರು ಹಾಕಲೇಬೇಡಿ. ಕೈಗೆಟಕಿದರೆ ಗ್ಯಾಸ್ ಆಫ್ ಮಾಡಿ, ಮುಚ್ಚಳ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಹೊಗೆ ಎಲ್ಲಿಂದ ಎಂದು ತಿಳಿಯದಿದ್ದರೆ ಅಥವಾ ಜಾಸ್ತಿಯಾಗುತ್ತಿದ್ದರೆ ಹುಡುಕುತ್ತಾ ನಿಲ್ಲಬೇಡಿ. ಎಲ್ಲರೂ ಹೊರಗೆ, ಬಾಗಿಲು ಎಳೆದುಕೊಂಡು, ಲಿಫ್ಟ್ ಬಿಟ್ಟು ಮೆಟ್ಟಿಲಿನಲ್ಲಿ. ಕೆಳಗಿಳಿದು 101ಕ್ಕೋ 112ಕ್ಕೋ ಫೋನ್ ಮಾಡಿ. ಕದ್ರಿಯಲ್ಲೇ ಅಗ್ನಿಶಾಮಕ ಠಾಣೆ ಉಂಟು, ನಿಮಗೆ ಹತ್ತಿರವೇ.

ಈ ವಾರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಕೆಲಸ ಮಾಡಿ. ಕೂಗಿದಾಗೆಲ್ಲ ಆ ದಿನದ ಚೌಕದಲ್ಲಿ ಗಂಟೆ ಬರೆಯಿರಿ, ಪಕ್ಕದಲ್ಲಿ 'ಮೀನು', 'ಎಸಿ', 'ಸ್ನಾನ' ಎಂದು ಒಂದೇ ಪದ ಸಾಕು. ಬ್ಯಾಟರಿ ಬದಲಿಸಿ, ಶುಚಿ ಮಾಡಿ, ಜಾಗ ಬದಲಿಸಿದ ಮೇಲೂ ಚೌಕ ತುಂಬುತ್ತಿದ್ದರೆ ಆ ಹಾಳೆಯ ಫೋಟೋ ಮತ್ತು ಡಿಟೆಕ್ಟರಿನ ಹಿಂದಿನ ಲೇಬಲಿನ ಫೋಟೋ ಕಳಿಸಿ. ಸೀಲಿಂಗಿನಲ್ಲಿ ಹಳೇ ಸ್ಕ್ರೂವಿನ ತೂತು ಉಳಿಯುತ್ತದೆ, ಅದಕ್ಕೆ ಸ್ವಲ್ಪ ವೈಟ್ ಸಿಮೆಂಟ್ ತುಂಬಿ. ಡಿಟೆಕ್ಟರ್ ಹೊರಗೆ ಒಯ್ದ ಮೇಲೆ ತುಂಬಿ ಮತ್ತೆ, ಅದರ ಕೆಳಗೇ ನಿಂತು ಉಜ್ಜಬೇಡಿ.